ವಿಳಾಸದ ಎರಡನೇ ಸಾಲು

ಫೆಬ್ರವರಿ ೫, ಸೋಮವಾರ

ಬರುತ್ತದೆ ಬರುತ್ತದೆ ಎನ್ನುತ್ತಿದ್ದ ಹೊಸ ಕಂಪ್ಯೂಟರ್ ವ್ಯವಸ್ಥೆ ಕೊನೆಗೂ ಬರುವ ಹಾಗಿದೆ. ಅದನ್ನು ಕೂರಿಸಲು ಮುಖ್ಯ ಕಚೇರಿಯಿಂದ ಒಬ್ಬರು ಬಂದಿದ್ದಾರೆ. ತೆಳ್ಳಗಿನ, ವಿನಯದ ಮನುಷ್ಯ. ಬಾಗಿಲಲ್ಲಿ ಎದುರಾದಾಗ ತಾವೇ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಎಲ್ಲರನ್ನೂ ಮೇಲಿನ ಕೋಣೆಯಲ್ಲಿ ಸೇರಿಸಿ ಬಿಳಿ ಹಲಗೆಯ ಮೇಲೆ ಚೌಕಗಳನ್ನು ಬರೆದರು. ಉಗ್ರಾಣ ಒಂದು ಚೌಕ, ಲೆಕ್ಕಪತ್ರ ಒಂದು, ವ್ಯಾನುಗಳು ಒಂದು, ನನ್ನ ಫೋನಿನ ಮೇಜು ಒಂದು. ಎಲ್ಲದರಿಂದಲೂ ಗೆರೆ ಎಳೆದು ನಡುವಿನ ದೊಡ್ಡ ಚೌಕಕ್ಕೆ ಸೇರಿಸಿ, "ಇನ್ನು ಮುಂದೆ ಎಲ್ಲರೂ ನೋಡೋದು ಒಂದೇ ಸತ್ಯ," ಎಂದರು.

ನನ್ನ ಹಿಂದೆ ವ್ಯಾನ್ ಓಡಿಸುವ ಗೊಣಗಣ್ಣ ಕೂತಿದ್ದ. ದಿನವಿಡೀ ಗೊಣಗುವುದರಿಂದ ಅವನಿಗೆ ಆ ಹೆಸರು. "ಇಷ್ಟು ದಿನ ನೀವೊಂದು ಸುಳ್ಳು, ನಾನೊಂದು ಸುಳ್ಳು ನೋಡ್ತಿದ್ವಾ ಮೇಡಂ?" ಎಂದ. ಊಟದ ಹೊತ್ತಿಗೆ ಮುಖ್ಯ ಕಚೇರಿಯವರಿಗೂ ಚೌಕಪ್ಪ ಎಂಬ ಹೆಸರು ಬಿದ್ದಾಗಿತ್ತು.

ಚೌಕಪ್ಪನವರು ನಮ್ಮ ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದರು: 'ತುಂಬಿದ ಸಿಲಿಂಡರ್ ಮನೆಗೆ ಹೋಗುತ್ತದೆ, ಖಾಲಿ ಸಿಲಿಂಡರ್ ವಾಪಸು ಬರುತ್ತದೆ.' ಸರಿಯಾಗಿಯೇ ಇದೆ. ಉಸಿರಾಟ ಸೋತವರ ಮನೆಗಳಿಗೆ ವಾರಕ್ಕೊಮ್ಮೆ ಆಕ್ಸಿಜನ್ ಕೊಡುತ್ತೇವೆ. ಇದಕ್ಕಿಂತ ಹೆಚ್ಚೇನೂ ಇಲ್ಲ. ಆದರೂ ಆ ಸಾಲನ್ನು ಓದಿದಾಗ ಯಾರೋ ನಮ್ಮ ಮನೆಯ ಫೋಟೊ ತೆಗೆದು, ಅದರಲ್ಲಿ ನಾವೇ ಇಲ್ಲದ ಹಾಗೆ ಅನ್ನಿಸಿತು.

ಸಂಜೆ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಏನೋ ಹೇಳಲು ಹೊರಟಳು. ನಾನು ಚಹಾದ ಲೋಟ ಕೆಳಗಿಟ್ಟು ಕಾದೆ. ಪಾರ್ಶ್ವವಾಯು ಆದ ಮೇಲೆ ಅವಳಿಗೆ ಪದಗಳು ಎಲ್ಲೋ ಒಳಗೆ ಸಿಕ್ಕಿಕೊಳ್ಳುತ್ತವೆ. ಮಾತು ಕಲಿಸಲು ಬರುವಾಕೆ ಮೊದಲ ದಿನವೇ ಹೇಳಿದ್ದರು: "ಪದ ನೀವು ಕೊಡಬೇಡಿ. ಅವರೇ ಹುಡುಕ್ಕೊಳ್ಳಲಿ. ನೀವು ಮಾಡಬೇಕಾದ್ದು ಕಾಯೋದು ಅಷ್ಟೇ." ಕೊನೆಗೆ ಅಕ್ಕ, "ಚೌ… ಚೌಕಕ್ಕೆ… ಬಾಗಿಲು… ಇದೆಯಾ?" ಎಂದಳು. ಇಬ್ಬರೂ ಬಹಳ ಹೊತ್ತು ನಕ್ಕೆವು.

ಊಟವಾದ ಮೇಲೆ ಕಾದಂಬರಿ ಮುಂದುವರಿಸಿದೆ. ಹಿಮ ಬೀಳುವ ಯಾವುದೋ ದೇಶದಿಂದ ಅನುವಾದವಾಗಿ ಬಂದದ್ದು. ಒಬ್ಬ ಹೆಂಗಸು ಕಾಗದ ಹಾಕಲು ಅಂಚೆ ಕಚೇರಿಗೆ ಹೊರಟಿದ್ದಾಳೆ. ಇಷ್ಟು ದಿನ ಓದಿದರೂ ಇನ್ನೂ ರಸ್ತೆಯ ಮೂಲೆ ತಿರುಗಿಲ್ಲ. ದಾರಿಯ ಅಂಗಡಿಗಳು, ಚಪ್ಪಲಿ ಹೊಲಿಯುವವನ ಕೈ, ಒಂದು ಮುಚ್ಚಿದ ಕಿಟಕಿ. ಅಕ್ಕನಿಗೂ ನನಗೂ ಅವಳು ಬೇಗ ತಲುಪುವುದು ಬೇಕಿಲ್ಲ.

ಫೆಬ್ರವರಿ ೮, ಗುರುವಾರ

ಚೌಕಪ್ಪನವರು ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಹಳೆಯ ಪರದೆ ನೋಡಿದರು. ಕಪ್ಪು ಹಿನ್ನೆಲೆ, ಹಸಿರು ಅಕ್ಷರ. ಹೆಸರು, ವಿಳಾಸದ ಮೊದಲ ಸಾಲು, ವಿಳಾಸದ ಎರಡನೇ ಸಾಲು, ಫೋನ್. ಒಂದು ಕಡೆ ಅವರ ಬೆರಳು ನಿಂತಿತು.

"ಮೇಡಂ, ಇದೇನು? ಎರಡನೇ ಸಾಲಲ್ಲಿ 'ನಾಯಿ ಬೊಗಳುತ್ತದೆ, ಕಚ್ಚುವುದಿಲ್ಲ' ಅಂತಿದೆ."

"ಬೊಗಳುತ್ತೆ, ಕಚ್ಚಲ್ಲ."

"ಅಲ್ಲ, ಇದು ವಿಳಾಸದ ಜಾಗ."

ವಿವರಿಸಿದೆ. ಹಳೆಯ ಪರದೆಯಲ್ಲಿ ಟಿಪ್ಪಣಿ ಬರೆಯಲು ಜಾಗವೇ ಇಲ್ಲ. ಹೆಚ್ಚಿನವರ ವಿಳಾಸ ಒಂದೇ ಸಾಲಿಗೆ ಮುಗಿಯುತ್ತದೆ, ಎರಡನೆಯದು ಖಾಲಿ ಉಳಿಯುತ್ತದೆ. ನನಗಿಂತ ಮೊದಲು ಇದ್ದವರು ಯಾರೋ ಅಲ್ಲಿ ಬರೆಯತೊಡಗಿದರು, ನಾನು ಮುಂದುವರಿಸಿದೆ. ಅಲ್ಲಿ ಬರೆದದ್ದು ಡ್ರೈವರ್‌ ಕೈಗೆ ಹೋಗುವ ಚೀಟಿಯಲ್ಲಿ ಅಚ್ಚಾಗುತ್ತದೆ. 'ಹಿಂಬಾಗಿಲು.' 'ಮಧ್ಯಾಹ್ನ ನಿದ್ದೆ, ಬೆಲ್ ಬೇಡ, ಕಿಟಕಿ ತಟ್ಟಿ.' 'ಸೊಸೆ ಬೈಯುತ್ತಾಳೆ, ಸುಮ್ಮನಿರಿ.' 'ಹೆಂಡತಿ ಹೋದರು. ವಿಚಾರಿಸಬೇಡಿ.'

ಅವರು ನಕ್ಕರು. ಲೇವಡಿಯ ನಗೆಯಲ್ಲ. "ನಿಮ್ಮ ಕಂಪನಿ ಪೂರ್ತಿ ಎರಡನೇ ಸಾಲಲ್ಲೇ ಇದೆಯಲ್ಲ ಮೇಡಂ," ಎಂದರು.

ಆಗಲೇ ಡ್ರಿಲ್ ಮೇಷ್ಟ್ರ ಫೋನ್ ಬಂತು. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು. ಮದುವೆಯಾಗಲಿಲ್ಲ. ಮೂರನೇ ಮಹಡಿಯ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಎರಡು ಪದಕ್ಕೊಮ್ಮೆ ಉಸಿರು ಹಿಡಿಯಬೇಕು, ಆದರೆ ದರ್ಪ ಮಾತ್ರ ಹೋಗಿಲ್ಲ.

"ಏನಮ್ಮಾ… ನೆಟ್ಟಗೆ… ಕೂತಿದ್ದೀಯಾ?"

"ಕೂತಿದ್ದೀನಿ ಮೇಷ್ಟ್ರೇ."

"ಸುಳ್ಳು… ಬೆನ್ನು ಬಾಗಿದೆ. ಧ್ವನಿಯಲ್ಲೇ… ಗೊತ್ತಾಗುತ್ತೆ."

ನಿಜವಾಗಿಯೂ ಬಾಗಿ ಕೂತಿದ್ದೆ. ನೆಟ್ಟಗಾದೆ. ನಿನ್ನೆಯ ಸಿಲಿಂಡರ್ ಬಂತು, ಗೊಣಗಣ್ಣ ಮೆಟ್ಟಿಲು ಹತ್ತುವಾಗ ಎಡಗಾಲು ಎಳೆಯುತ್ತಾನೆ, ಡಾಕ್ಟರಿಗೆ ತೋರಿಸಲು ಹೇಳು ಎಂದರು. ಇಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಚೌಕಪ್ಪನವರು ಗಡಿಯಾರ ನೋಡಿದರು, ಆಮೇಲೆ ಪರದೆಯಲ್ಲಿ ಮೇಷ್ಟ್ರ ಎರಡನೇ ಸಾಲು ನೋಡಿದರು. ನಾನೇ ಬರೆದದ್ದು: 'ಬೆಲ್ ಒತ್ತಿ ಕಾಯಿರಿ. ಬರುತ್ತಾರೆ.'

ಫೆಬ್ರವರಿ ೨೦, ಮಂಗಳವಾರ

ಹಳೆಯದರಿಂದ ಹೊಸದಕ್ಕೆ ಸಾಗಿಸುವ ಮೊದಲು ಮಾಹಿತಿಯನ್ನು ಶುದ್ಧ ಮಾಡಬೇಕಂತೆ. ಗ್ರಾಹಕರನ್ನು ಚೆನ್ನಾಗಿ ಬಲ್ಲವಳು ನಾನು ಎಂದು ಮ್ಯಾನೇಜರು ಆ ಕೆಲಸ ನನಗೆ ಕೊಟ್ಟರು. ಹೆಮ್ಮೆಯಾಯಿತು, ಸುಳ್ಳೇಕೆ.

ಪರದೆಯ ಮೇಲೆ ಒಂದೊಂದೇ ಎರಡನೇ ಸಾಲು ಬರುತ್ತದೆ. ಕೆಳಗೆ ಪ್ರಶ್ನೆ: 'ಇದು ವಿಳಾಸವೇ?' ಹೌದು ಅಥವಾ ಅಲ್ಲ ಒತ್ತಬೇಕು. 'ಅಂಗಡಿಯ ಮೇಲಿನ ಮನೆ'ಗೆ ಹೌದು ಒತ್ತಿದೆ. 'ಹೆಂಡತಿ ಹೋದರು. ವಿಚಾರಿಸಬೇಡಿ' ಬಂದಾಗ ಸ್ವಲ್ಪ ಯೋಚಿಸಿದೆ. ವಿಳಾಸವಂತೂ ಅಲ್ಲ. 'ಬೆಲ್ ಒತ್ತಿ ಕಾಯಿರಿ. ಬರುತ್ತಾರೆ.' ಅಲ್ಲ. ಪ್ರಶ್ನೆ ಕೇಳಿದ್ದು ಅಷ್ಟೇ, ಉತ್ತರವೂ ಅಷ್ಟೇ. ವಿಳಾಸ ಅಲ್ಲದ್ದನ್ನು ಬೇರೆ ಜಾಗಕ್ಕೆ ಎತ್ತಿಡುತ್ತಾರೆ ಎಂದುಕೊಂಡೆ. ಕೇಳಲಿಲ್ಲ. ಕೇಳಬೇಕು ಎಂದು ತೋಚಲೂ ಇಲ್ಲ.

ನಾಲ್ಕು ದಿನದ ಕೆಲಸವೆಂದು ಕೊಟ್ಟದ್ದನ್ನು ಎರಡೇ ದಿನದಲ್ಲಿ ಮುಗಿಸಿದೆ. ಒಂದೂ ತಪ್ಪಿಲ್ಲ ಎಂದು ಚೌಕಪ್ಪನವರು ಎಲ್ಲರೆದುರು ಹೇಳಿದರು.

ಮಾರ್ಚ್ ೪, ಸೋಮವಾರ

ಹೊಸ ವ್ಯವಸ್ಥೆ ಶುರುವಾಯಿತು. ಚೆನ್ನಾಗಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮೊದಲೆಲ್ಲ ಒಂದು ಸಿಲಿಂಡರ್ ಎಲ್ಲಿದೆ ಎಂದು ತಿಳಿಯಲು ಮೆಟ್ಟಿಲ ಬಳಿ ನಿಂತು ಉಗ್ರಾಣದವರನ್ನು ಕೂಗಬೇಕಿತ್ತು. ಅವರು ಒಂದು ಹೇಳುತ್ತಿದ್ದರು, ಲೆಕ್ಕಪತ್ರದವರು ಇನ್ನೊಂದು. ಈಗ ಪರದೆಯಲ್ಲೇ ಕಾಣುತ್ತದೆ. ಪರೀಕ್ಷೆಯ ಅವಧಿ ಮುಗಿದ ಸಿಲಿಂಡರುಗಳು ಉಗ್ರಾಣದ ಮೂಲೆಯಲ್ಲಿ ಮರೆತು ಬಿದ್ದಿದ್ದವು; ವ್ಯವಸ್ಥೆ ಬೆಳಿಗ್ಗೆಯೇ ಕೆಂಪು ಅಕ್ಷರದಲ್ಲಿ ತೋರಿಸಿತು. ಅವು ಯಾರ ಮನೆಗಾದರೂ ಹೋಗಿದ್ದರೆ?

ನನ್ನ ಹೆಸರಿನ ಪಕ್ಕ ಒಂದು ಸಣ್ಣ ಚಕ್ರವಿದೆ. ಒಂದೊಂದು ಫೋನಿಗೆ ಎಷ್ಟು ಹೊತ್ತು ಹಿಡಿಯಿತು ಎಂಬುದರ ಮೇಲೆ ಅದು ಹಸಿರು, ಹಳದಿ, ಕೆಂಪು ಆಗುತ್ತದೆ. ನನ್ನದು ಕೆಂಪು. ಮೊದಲ ದಿನ ತಾನೇ.

ಮಾರ್ಚ್ ೭, ಗುರುವಾರ

ಗೊಣಗಣ್ಣ ಮೇಜಿನ ಮುಂದೆ ಬಂದು ನಿಂತ. ಈಗ ಅವರಿಗೆ ಚೀಟಿ ಇಲ್ಲ, ಕೈಯಲ್ಲಿ ಹಿಡಿಯುವ ಯಂತ್ರ.

"ಮೇಡಂ, ಎರಡನೇ ಸಾಲು ಎಲ್ಲೋಯ್ತು? ಇವತ್ತು ಒಬ್ಬರ ಮನೇಲಿ 'ಯಜಮಾನರು ಚೆನ್ನಾಗಿದ್ದಾರಾಮ್ಮ' ಅಂದುಬಿಟ್ಟೆ. ಅವರು ಹೋಗಿ ವರ್ಷ ಆಯ್ತಂತೆ. ಆಯಮ್ಮ ಅಲ್ಲೇ ಕೂತ್ಕೊಂಡು ಅತ್ತರು."

ಅವನಿಗೆ ಈ ಹಾದಿ ಹೊಸದು. ಯಾವ ಹಾದಿ ಯಾರಿಗೆ ಎಂಬುದನ್ನು ಈಗ ದಿನವೂ ವ್ಯವಸ್ಥೆಯೇ ಹಂಚುತ್ತದೆ.

ಚೌಕಪ್ಪನವರನ್ನು ಕೇಳಿದೆ. ಅವರು ಪರದೆ ತೆರೆದು ನೋಡಿದರು. "ವಿಳಾಸ ಅಲ್ಲ ಅಂತ ನೀವೇ ಗುರುತು ಹಾಕಿದ್ದೀರಲ್ಲ ಮೇಡಂ. ಅವನ್ನೆಲ್ಲ ತೆಗೆದುಬಿಟ್ಟಿದೆ."

"ತೆಗೆದು ಎಲ್ಲಿಟ್ಟಿದ್ದೀರಿ?"

"ಎಲ್ಲೂ ಇಟ್ಟಿಲ್ಲ. ತೆಗೆದಿದೆ."

ಹಳೆಯ ಯಂತ್ರ ಸೋಮವಾರ ಸಂಜೆಯೇ ಗುಜರಿಗೆ ಹೋಯಿತು. ಹೊಸದರಲ್ಲಿ ಟಿಪ್ಪಣಿಗೆ ಜಾಗ ಕೊಡಿ ಎಂದೆ. ಅವರಿಗೂ ಬೇಸರವಾದದ್ದು ಕಾಣುತ್ತಿತ್ತು. "ಮನಸ್ಸಿಗೆ ಬಂದದ್ದು ಬರೆಯೋ ಜಾಗ ಈ ವ್ಯವಸ್ಥೆಯಲ್ಲಿ ಇಲ್ಲ. ಎಣಿಸೋಕೆ ಬರಲ್ಲ, ವಿಂಗಡಿಸೋಕೆ ಬರಲ್ಲ. ಸಹಾಯ ಕೇಂದ್ರಕ್ಕೆ ಒಂದು ಕೋರಿಕೆ ಹಾಕಿ ನೋಡಿ," ಎಂದರು. ನಾಳೆ ಅವರು ಇನ್ನೊಂದು ಊರಿಗೆ ಹೋಗುತ್ತಾರೆ. ಇಲ್ಲಿಯ ಅವರ ಕೆಲಸ ಮುಗಿಯಿತು.

ಕೋರಿಕೆ ಹಾಕಿದೆ.

ಮಾರ್ಚ್ ೧೪, ಗುರುವಾರ

ನಿನ್ನೆ ಮೇಷ್ಟ್ರಿಗೆ ಸಿಲಿಂಡರ್ ತಲುಪಿಲ್ಲ. ಹೊಸ ಡ್ರೈವರ್ ಹೋಗಿದ್ದ. ಬೆಲ್ ಒತ್ತಿ, ಯಂತ್ರದಲ್ಲಿ 'ಮನೆ ತಲುಪಿದ್ದೇನೆ' ಒತ್ತಿದ. ಒತ್ತಿದ ಕೂಡಲೇ ಒಂದು ಹಸಿರು ಪಟ್ಟಿ ಕರಗತೊಡಗುತ್ತದೆ. ಎರಡು ನಿಮಿಷಕ್ಕೆ ಕೆಂಪಾಗಿ 'ಯಾರೂ ಇಲ್ಲವೇ?' ಎಂದು ಕೇಳುತ್ತದೆ. ಅವನು ಹೌದು ಎಂದ. ಮುಂದಿನ ಮನೆಗೆ ಹೋದ. ಮತ್ತೆ ಹೋಗುವುದು ಮುಂದಿನ ಬುಧವಾರವೇ.

"ಬಾಗಿಲ ಚಿಲಕಕ್ಕೆ… ಕೈ ಹಾಕಿದ್ದೆ ಕಣಮ್ಮಾ," ಎಂದರು ಮೇಷ್ಟ್ರು. "ಕೆಳಗೆ… ವ್ಯಾನ್ ಹೊರಟ ಸದ್ದು… ಕೇಳಿಸ್ತು. ನಮ್ಮ ಶಾಲೆಯ ಓಟದಲ್ಲೂ… ಇಷ್ಟು ಬೇಗ… ಸೀಟಿ ಊದಿರಲಿಲ್ಲ ನಾನು."

ನನ್ನ ಪರದೆಯಲ್ಲೂ ಪಟ್ಟಿ ಕರಗುತ್ತಿತ್ತು. ಅದನ್ನು ನೋಡದೆ ಕೇಳಿದೆ. ಒಂದು ಸಿಲಿಂಡರ್ ಹೆಚ್ಚಿಗೆ ಇಟ್ಟುಕೊಂಡಿದ್ದಾರೆ, ಅದರಲ್ಲಿ ಅರ್ಧ ಉಳಿದಿದೆ. ಅದು ಮುಗಿದರೆ ಬೇರೆ ಕಂಪನಿಯನ್ನು ಕೇಳೋಣ ಎಂದರೆ, ಊರಲ್ಲಿ ಇದ್ದ ಇನ್ನೊಂದು ಕಂಪನಿಯನ್ನು ನಮ್ಮವರೇ ಕೊಂಡುಕೊಂಡು ಎಷ್ಟೋ ಕಾಲವಾಯಿತು. ಆಸ್ಪತ್ರೆಗೆ ಸೇರಿ ಎಂದೆ.

"ಅವರು ಒಯ್ತಾರೆ… ವಾಪಸ್ ತರಲ್ಲ. ನನ್ನ ಜೊತೆಯ… ಮೇಷ್ಟ್ರುಗಳೆಲ್ಲ… ಹಾಗೇ ಹೋದದ್ದು."

ಮ್ಯಾನೇಜರ ಹತ್ತಿರ ಹೋದೆ. ಇವತ್ತೇ ಒಂದು ಕಳಿಸಿ ಎಂದೆ. ಅವರು ಒಳ್ಳೆಯವರೇ. "ವ್ಯವಸ್ಥೆ ಹುಟ್ಟಿಸದ ಆರ್ಡರ್ ನಾನು ಕಳಿಸೋಕೆ ಆಗಲ್ಲಮ್ಮ. ಉಗ್ರಾಣದ ಬಾಗಿಲೇ ತೆಗೆಯಲ್ಲ ಅದು. ಕೈಯಿಂದ ತೆಗೆಸಿದರೆ ಮುಖ್ಯ ಕಚೇರಿಯಿಂದ ಫೋನ್ ಬರುತ್ತೆ," ಎಂದರು. ಪರದೆ ನನ್ನ ಕಡೆ ತಿರುಗಿಸಿ ತಮ್ಮ ಹೆಸರು ತೋರಿಸಿದರು. ಅದರ ಪಕ್ಕವೂ ಒಂದು ಚಕ್ರ. ಹಳದಿ.

ಅಕ್ಕನಿಗೆ ಹೇಳಿದೆ. ಅವಳು, "ನೀ… ನೀನು…" ಎಂದು ಶುರು ಮಾಡಿದಳು. "ಮೇಷ್ಟ್ರ ಮನೆಗೆ ಹೋಗ್ಲಾ?" ಎಂದೆ. ತಲೆಯಾಡಿಸಿದಳು. ಪದ ಕೊಟ್ಟದ್ದು ತಪ್ಪು ಎಂದು ಆಮೇಲೆ ನೆನಪಾಯಿತು.

ಮಾರ್ಚ್ ೧೬, ಶನಿವಾರ

ಮೇಷ್ಟ್ರ ಮನೆಗೆ ಹೋಗುವುದು ಗೊಣಗಣ್ಣನಿಂದಾಗಿ ತಪ್ಪಿತು. ನಿನ್ನೆ ತನ್ನ ಸುತ್ತು ಮುಗಿದ ಮೇಲೆ ವ್ಯಾನಿನಲ್ಲಿ ಉಳಿದಿದ್ದ ಒಂದು ತುಂಬಿದ ಸಿಲಿಂಡರನ್ನು ಮೇಷ್ಟ್ರಿಗೆ ಕೊಟ್ಟು, ಖಾಲಿಯನ್ನು ತಂದಿದ್ದಾನೆ. ನನಗೂ ಹೇಳಿರಲಿಲ್ಲ.

ವ್ಯವಸ್ಥೆಯಲ್ಲಿ ಒಂದು ಸಿಲಿಂಡರ್ ಕಾಣೆಯಾಗಿದೆ ಎಂದು ಬಂತು. ವ್ಯಾನ್ ತನ್ನ ಹಾದಿ ಬಿಟ್ಟು ಹೋದದ್ದೂ ನಕ್ಷೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣಿಸಿತು. ಮ್ಯಾನೇಜರು ಕರೆದು ಕೇಳಿದರೆ, "ಕಾಣೆ ಎಲ್ಲಾಯ್ತು ಸಾರ್? ಮೇಷ್ಟ್ರ ಮಂಚದ ಪಕ್ಕ ನಿಂತಿದೆ, ಬೇಕಾದ್ರೆ ಮಾತಾಡ್ಸಿ," ಎಂದನಂತೆ. ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕರು. ಆಮೇಲೆ ಅವನನ್ನು ಆಸ್ಪತ್ರೆಗಳ ದೊಡ್ಡ ಲಾರಿಗೆ ಹಾಕಿದರು. ಇನ್ನು ಅವನಿಗೆ ಮನೆಗಳ ಹಾದಿ ಇಲ್ಲ.

ಹೋಗುವಾಗ ನನ್ನ ಮೇಜಿಗೆ ಬಂದ. "ನೀವು ಇದ್ದೀರಲ್ಲ ಮೇಡಂ. ನೋಡ್ಕೊಳ್ಳಿ," ಎಂದ. ಮೊದಲ ಸಲ ಗೊಣಗದೆ ಮಾತಾಡಿದ.

ಮಾರ್ಚ್ ೨೧, ಗುರುವಾರ

ಒಂದು ಉಪಾಯ ಫಲಿಸಿತು. ಬುಧವಾರ ಬಾಗಿಲ ಹತ್ತಿರವೇ ಕೂತಿರಿ ಎಂದು ಮೇಷ್ಟ್ರಿಗೆ ಹೇಳಿದ್ದೆ. ಸ್ಟೂಲು ಹಾಕಿಕೊಂಡು ಬೆಳಿಗ್ಗೆಯಿಂದ ಕೂತಿದ್ದರಂತೆ. ವ್ಯಾನ್ ಬಂದದ್ದು ಸಂಜೆ. ಆಕ್ಸಿಜನ್ ನಳಿಕೆ ಬಾಗಿಲವರೆಗೆ ಮುಟ್ಟುವುದಿಲ್ಲ. ಅಷ್ಟು ಹೊತ್ತೂ ಅದಿಲ್ಲದೆ ಕೂತಿದ್ದಾರೆ. ಸಿಲಿಂಡರ್ ಸಿಕ್ಕಿತು.

"ಶಿಸ್ತಾಗಿ ಕೂತಿದ್ದೆ… ಕಣಮ್ಮಾ," ಎಂದರು. ಆಮೇಲೆ ಬಹಳ ಹೊತ್ತು ಬರೀ ಉಸಿರು. "ಪ್ರತಿ ವಾರ… ಆಗಲ್ಲ ಇದು."

ನನ್ನ ಕೋರಿಕೆ ದಾಖಲಾಗಿದೆ, ಉತ್ತರ ಬರುತ್ತದೆ ಎಂದೆ.

ಉತ್ತರ ಮಧ್ಯಾಹ್ನ ಬಂತು. 'ನಿಮ್ಮ ಕೋರಿಕೆಯನ್ನು ಪರಿಹರಿಸಿ ಮುಚ್ಚಲಾಗಿದೆ. ನಮ್ಮ ಸೇವೆ ಹೇಗಿತ್ತು?' ಕೆಳಗೆ ಐದು ನಕ್ಷತ್ರ. ಏನು ಪರಿಹರಿಸಿದರು ಎಂದು ಕೇಳಲು ಹೊಸ ಕೋರಿಕೆ ಹಾಕಬೇಕಂತೆ. ಹಾಕಿದೆ.

ಮಾರ್ಚ್ ೨೬, ಮಂಗಳವಾರ

ಮ್ಯಾನೇಜರು ಕರೆದರು. ಇಡೀ ಕಂಪನಿಯ ಫೋನ್ ಮೇಜುಗಳಲ್ಲಿ ಕೆಂಪು ಚಕ್ರ ಉಳಿದಿರುವುದು ನನ್ನದೊಂದೇ. "ನೀವು ಅವರ ಮಾತು ಮುಗಿಯೋವರೆಗೂ ಕಾಯ್ತೀರಿ. ಅರ್ಧಕ್ಕೇ ಗೊತ್ತಾಗುತ್ತಲ್ಲಮ್ಮ, ಏನು ಬೇಕು ಅಂತ?" ಎಂದರು. ಗೊತ್ತಾಗುತ್ತದೆ, ನಿಜ. ಫೋನಿನ ಮೇಜುಗಳನ್ನೆಲ್ಲ ಒಂದೇ ಊರಿಗೆ ಸೇರಿಸುವ ಮಾತು ನಡೆದಿದೆ, ಕೆಂಪು ಇದ್ದವರ ಮೇಜು ಮೊದಲು ಹೋಗುತ್ತದೆ ಎಂದೂ ಹೇಳಿದರು. ಹೆದರಿಸಲು ಹೇಳಿದ್ದಲ್ಲ. ಅವರ ಮುಖವೇ ಸೋತಿತ್ತು. ಅಕ್ಕನ ಔಷಧಿ, ಮಾತು ಕಲಿಸುವಾಕೆ, ಬಾಡಿಗೆ, ಎಲ್ಲ ಈ ಮೇಜಿನಿಂದಲೇ.

ಇವತ್ತಿನಿಂದ ಸ್ವಲ್ಪ ಪ್ರಯತ್ನ ಪಡುತ್ತಿದ್ದೇನೆ.

ಮಾರ್ಚ್ ೨೮, ಗುರುವಾರ

ಮೇಷ್ಟ್ರ ಮನೆ: ಯಾರೂ ಇಲ್ಲ.

ಫೋನ್ ಮಾಡಿದ್ದರು. ಬಾಗಿಲಿಗೆ ಬಂದು ತೆರೆದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ, ಇದು ಹೀಗೇ ಆದರೆ ಎಂದು ಶುರು ಮಾಡಿದರು. ಮುಂದಿನದು ಗೊತ್ತಿದ್ದದ್ದೇ. ದಾಖಲಿಸಿಕೊಂಡಿದ್ದೇನೆ ಮೇಷ್ಟ್ರೇ ಎಂದೆ. ಅವರು, "ಸರಿಯಮ್ಮಾ," ಎಂದರು.

ಚಕ್ರ ಹಳದಿಯಾಯಿತು.

ಅಕ್ಕನಿಗೆ ಸಂಜೆ ಪದಗಳೇ ಹೊರಡುತ್ತಿರಲಿಲ್ಲ. ನೀರು ಬೇಕಾ, ಕಂಬಳಿ ಬೇಕಾ, ಕಿಟಕಿ ಹಾಕ್ಲಾ ಎಂದು ಒಂದೊಂದೇ ಕೇಳಿದೆ. ಹೌದು, ಅಲ್ಲ ಎಂದು ತಲೆಯಾಡಿಸಿದರೆ ಸಾಕು. ಬೇಗ ಮುಗಿಯಿತು. ಇದನ್ನು ಮೊದಲೇ ಮಾಡಬಹುದಿತ್ತು.

ಏಪ್ರಿಲ್ ೪, ಗುರುವಾರ

ನಿನ್ನೆಯೂ ಯಾರೂ ಇಲ್ಲ. ಮತ್ತೊಮ್ಮೆ ಹಾಗಾದರೆ ವ್ಯವಸ್ಥೆ ಆ ಗ್ರಾಹಕರನ್ನು ನಿಷ್ಕ್ರಿಯ ಎಂದು ಬದಿಗಿಡುತ್ತದೆ, ವಾರದ ಆರ್ಡರ್ ಹುಟ್ಟುವುದೇ ಇಲ್ಲ. ಮೂರನೇ ಕೋರಿಕೆ ಹಾಕಿದೆ. ಡ್ರೈವರಿಗೂ ಹೇಳಿದೆ: ಅಲ್ಲಿ ಸ್ವಲ್ಪ ಕಾಯಪ್ಪ.

"ಕಾದರೆ ಮುಂದಿನ ಮನೆಗಳೆಲ್ಲ ಕೆಂಪಾಗುತ್ವೆ ಮೇಡಂ. ನನಗೂ ಮನೆ ಇದೆ," ಎಂದ. ಒರಟಾಗಿ ಹೇಳಲಿಲ್ಲ.

ಮೇಷ್ಟ್ರು ಈಗ ರಾತ್ರಿ ಮಾತ್ರ ಆಕ್ಸಿಜನ್ ಹಾಕಿಕೊಳ್ಳುತ್ತಾರಂತೆ. ಕೊನೆಯ ಸಿಲಿಂಡರಿನಲ್ಲಿ ಸ್ವಲ್ಪ ಉಳಿದಿದೆ. "ಹಗಲು… ಕೂತೇ ಇರ್ತೀನಿ. ಕೂತೋರಿಗೆ… ಗಾಳಿ ಯಾಕೆ?" ಎಂದರು. ನಗಿಸಲು ಹೇಳಿದ್ದು. ಇನ್ನೊಂದು ಲೈನಿನಲ್ಲಿ ಯಾರೋ ಕಾಯುತ್ತಿದ್ದರು.

ಏಪ್ರಿಲ್ ೮, ಸೋಮವಾರ

ಮಾತು ಕಲಿಸುವಾಕೆ ಬಂದಿದ್ದರು. ಅಕ್ಕ ಹಿಂದೆ ಬಿದ್ದಿದ್ದಾಳೆ, ಮನೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಿದರು. ಏನೂ ಇಲ್ಲ ಎಂದೆ.

ಕಾದಂಬರಿಯಲ್ಲಿ ಕೆಲವು ಪುಟ ಹಾರಿಸಿ ಓದಿದೆ. ಆ ಹೆಂಗಸು ಅಂಚೆ ಕಚೇರಿ ತಲುಪಿದಳು. ಅಕ್ಕನಿಗೆ ಗೊತ್ತಾಗಲಿಲ್ಲ ಎಂದುಕೊಂಡೆ, ಆದರೆ ಅವಳು ಪುಸ್ತಕದ ಕಡೆ ಕೈ ಚಾಚಿ ಹಿಂದಿನ ಪುಟಗಳನ್ನು ಬೆರಳಿಂದ ಮುಟ್ಟಿದಳು.

ಏಪ್ರಿಲ್ ೧೧, ಗುರುವಾರ

ಡ್ರಿಲ್ ಮೇಷ್ಟ್ರು: ನಿಷ್ಕ್ರಿಯ.

ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿದೆ. ಒತ್ತಿದರೆ ತೆರೆಯುವುದಿಲ್ಲ. ಮೊಬೈಲಿಗೆ ಬರುವ ಸಂಖ್ಯೆ ಹೇಳಿದರೆ ಮತ್ತೆ ಚಾಲೂ ಆಗುತ್ತದೆ. ಅವರ ಹತ್ತಿರ ಮೊಬೈಲ್ ಇಲ್ಲ, ಗೋಡೆಗೆ ಹಾಕಿದ ಫೋನ್ ಇದೆ. ನನ್ನ ನಂಬರ್ ಹಾಕಿದೆ. ನೌಕರರ ನಂಬರ್ ಎಂದು ತಿರಸ್ಕರಿಸಿತು.

ಮ್ಯಾನೇಜರ ಮುಂದೆ ನಿಂತು ಅತ್ತುಬಿಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ. ಅವರು ಎದ್ದು ಬಾಗಿಲು ಹಾಕಿದರು. ನಿಯಮಗಳ ಪುಟ ತೆಗೆದು, ನನ್ನ ಜೊತೆ ಕೂತು, ಸಾಲು ಸಾಲಾಗಿ ಓದಿದರು. ಕೊನೆಗೆ ಒಂದು ಸಿಕ್ಕಿತು. ಗ್ರಾಹಕರು ಆ ಮನೆಯಲ್ಲೇ ಇದ್ದಾರೆ ಎನ್ನಲು ಬಾಗಿಲಲ್ಲಿ ನಿಂತ ಫೋಟೊ ಬೇಕು. ನೌಕರರು ಯಾರು ಬೇಕಾದರೂ ಆ್ಯಪಿನಿಂದ ತೆಗೆದು ಕಳಿಸಬಹುದು. ಫೋಟೊ ಬಂದ ಗಳಿಗೆಯಲ್ಲೇ ಆರ್ಡರ್ ಹುಟ್ಟುತ್ತದೆ.

"ಈ ಶನಿವಾರ ರಜೆ, ನಾನೇ ಹೋಗ್ತೀನಿ," ಎಂದೆ.

"ಹೋಗಿ ಬನ್ನಿ. ಇದೊಂದು ಆಗಲಿ," ಎಂದರು.

ವಿಷಯ ತಿಳಿಸಲು ಮೇಷ್ಟ್ರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಈಗ ಕೆಲವು ರಿಂಗಿಗೆ ವ್ಯವಸ್ಥೆಯೇ ಲೈನ್ ಕತ್ತರಿಸಿ ಮುಂದಿನವರಿಗೆ ಹೋಗುತ್ತದೆ.

ಏಪ್ರಿಲ್ ೧೨, ಶುಕ್ರವಾರ

ಮತ್ತೆ ಮಾಡಿದೆ. ಎತ್ತಲಿಲ್ಲ. ಆಸ್ಪತ್ರೆಗೆ ಸೇರಿರಬಹುದು. ಹಾಗಾಗಿದ್ದರೆ ಒಳ್ಳೆಯದೇ.

ಚಕ್ರ ಹಸಿರಾಗಿದೆ. ಮೇಜು ಉಳಿಯಿತು.

ಏಪ್ರಿಲ್ ೧೩, ಶನಿವಾರ

ಹೋಗಿ ಬಂದೆ.

ಕೆಳಗಿನ ಮಹಡಿಯಲ್ಲಿ ಹಳೆಯ ಸೈಕಲ್ಲುಗಳು, ಬಣ್ಣದ ಡಬ್ಬಿಗಳು. ಮೆಟ್ಟಿಲು ಕಡಿದು. ಗೊಣಗಣ್ಣ ಸಿಲಿಂಡರ್ ಹೊತ್ತು ಇದನ್ನು ಹತ್ತುತ್ತಿದ್ದ ಎಂದರೆ ಕಾಲು ಎಳೆಯದೆ ಇನ್ನೇನು. ಮೂರನೇ ಮಹಡಿಯ ಬಾಗಿಲು ಕಂದು ಬಣ್ಣದ್ದು. ಉಜ್ಜಿ ಉಜ್ಜಿ ಹಿಡಿಕೆ ಹೊಳೆಯುತ್ತಿತ್ತು. ಬಾಗಿಲ ಮುಂದೆ ನೆಟ್ಟಗೆ ನಿಂತೆ, ಯಾಕೋ. ಬೆಲ್ ಒತ್ತಿದೆ.

ಫೋಟೊ ತೆಗೆಯಬೇಕಾದರೆ ಆ್ಯಪಿನಲ್ಲಿ ಮೊದಲು 'ಮನೆ ತಲುಪಿದ್ದೇನೆ' ಒತ್ತಬೇಕು. ಒತ್ತಿದೆ. ಹಸಿರು ಪಟ್ಟಿ ಕರಗತೊಡಗಿತು. ಡ್ರೈವರುಗಳು ಹೇಳುವುದನ್ನು ಕೇಳಿದ್ದೆ, ನೋಡಿದ್ದು ಇದೇ ಮೊದಲು. ಅದನ್ನು ನೋಡುತ್ತಾ ನಿಂತರೆ ಹೊತ್ತು ಬಹಳ ಉದ್ದ. ಒಂದು ಮಗು ಹೊರಟು ಶಾಲೆ ಸೇರಬಹುದು ಅನ್ನುವಷ್ಟು.

ಎಲ್ಲೋ ಏನನ್ನೋ ಎಳೆದ ಸದ್ದಾಯಿತು. ಹಳೆಯ ಕಟ್ಟಡ, ತೆಳು ಗೋಡೆಗಳು; ಪಕ್ಕದ ಮನೆಯದಿರಬೇಕು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ನಿಂತಿತು. ಪಟ್ಟಿ ಕೆಂಪಾಗಿ, 'ಯಾರೂ ಇಲ್ಲವೇ?' ಎಂದು ಕೇಳಿತು. ಕೆಳಗೆ ಹೌದು, ಅಲ್ಲ. ಬಾಗಿಲು ತೆರೆದಿರಲಿಲ್ಲ. ಎರಡು ದಿನದಿಂದ ಫೋನೂ ಎತ್ತಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಒಂದೇ ಇತ್ತು. ಒತ್ತಿದೆ. 'ಧನ್ಯವಾದಗಳು. ಈ ಖಾತೆಯನ್ನು ಮುಚ್ಚಲಾಗಿದೆ,' ಎಂದು ಬಂತು.

ನಾನು ಕೆಳಗಿನ ಸೈಕಲ್ಲುಗಳ ಹತ್ತಿರ ಇದ್ದಾಗ ಮೇಲೆ ಯಾವುದೋ ಮನೆಯ ಚಿಲಕ ತೆಗೆದ ಸದ್ದು ಕೇಳಿಸಿತು. ಬಸ್ಸು ಆಗಲೇ ಮೂಲೆ ತಿರುಗಿ ಬರುತ್ತಿತ್ತು. ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು.

ನನ್ನ ಕೈಲಾದದ್ದೆಲ್ಲ ಮಾಡಿದ್ದೇನೆ. ಮೂರು ಕೋರಿಕೆ ಹಾಕಿದೆ, ಮ್ಯಾನೇಜರ ಮುಂದೆ ನಿಂತೆ, ಕೊನೆಗೆ ಮನೆಗೂ ಹೋದೆ. ಮನೆಯಲ್ಲಿ ಇಲ್ಲದವರಿಗೆ ಯಾರು ಏನು ಮಾಡಲು ಸಾಧ್ಯ?

ಅಕ್ಕ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ನನ್ನನ್ನು ನೋಡಿ, "ಮೇ… ಮೇಷ್…" ಎಂದಳು.

"ಇಲ್ಲ ಅಕ್ಕಾ. ಮನೆಯಲ್ಲಿ ಯಾರೂ ಇರಲಿಲ್ಲ. ಬೆಲ್ ಒತ್ತಿದೆ, ಕಾದೆ ಕೂಡ."

ಅವಳು ನನ್ನನ್ನೇ ನೋಡಿದಳು. ಬಾಯಿ ತೆರೆದಳು. ತುಟಿ ಅಲುಗಾಡಿತು, ಕೊರಳ ನರ ಬಿಗಿಯಿತು. ಬಹಳ ದಿನಗಳ ಮೇಲೆ ಏನೋ ಉದ್ದದ್ದು ಹೇಳಲು ಹೊರಟ ಹಾಗಿತ್ತು. ಹಾಲು ಕಾಯಿಸಬೇಕಿತ್ತು. ಒಳಗೆ ಹೋದೆ.

ವಾಪಸು ಬರುವಷ್ಟರಲ್ಲಿ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದ್ದಳು. ಹೇಳಲು ಏನೂ ಇರಲಿಲ್ಲವೆಂದು ಕಾಣುತ್ತದೆ.